ನಿಸ್ತಂತು ಮೈಕು ಮತ್ತು ಪರದೇಶದ ಸಾಕ್ಷ್ಯಚಿತ್ರ

ಪರದೇಶಕ್ಕೆ ಹೋದ ಚಿತ್ರತಂಡವೊಂದು ಅಲ್ಲಿನ ಜನರ ಮಾತನ್ನು ಅವರ ಬಾಯಿಂದಲೇ, ಅವರು ಆಡಿದ ಜಾಗದಲ್ಲೇ, ಆಡಿದ ಗಳಿಗೆಯಲ್ಲೇ ಹಿಡಿದಿಡುವುದು ಇಂದು ತೀರ ಸಹಜವಾದ ಕೆಲಸವೆಂದು ತೋರಬಹುದಾದರೂ, ಸಾಕ್ಷ್ಯಚಿತ್ರವೆಂಬ ಪ್ರಕಾರ ಹುಟ್ಟಿದ ಮೇಲೆ ಸುಮಾರು ನಾಲ್ಕು ದಶಕಗಳ ಕಾಲ ಅದು ಕೈಗೂಡಿರಲಿಲ್ಲ. ಕೆನಡಾದ ಉತ್ತರ ಭಾಗದ ಇನುಯಿಟ್ ಜನರನ್ನು ಕುರಿತು ರಾಬರ್ಟ್ ಫ್ಲಾಹರ್ಟಿ ತೆಗೆದ ‘ನಾನೂಕ್ ಆಫ್ ದ ನಾರ್ತ್’ (1922) ಮೂಕಚಿತ್ರವಾಗಿತ್ತು. ಸಿನಿಮಾಕ್ಕೆ ಮಾತು ಬಂದ ಮೇಲೆ ಅವರೇ ಐರ್ಲೆಂಡಿನ ಪಶ್ಚಿಮ ಕರಾವಳಿಯಾಚೆಯ ಆರನ್ ದ್ವೀಪಗಳಿಗೆ ಹೋಗಿ ‘ಮ್ಯಾನ್ ಆಫ್ ಆರನ್’ (1934) ಚಿತ್ರವನ್ನು ತೆಗೆದಾಗಲೂ ದ್ವೀಪದಲ್ಲಿ ಸಿಕ್ಕಿದ್ದು ದೃಶ್ಯ ಮಾತ್ರ. ಮಾತಿಗಾಗಿ ದ್ವೀಪವಾಸಿಗಳನ್ನು ಲಂಡನ್ನಿಗೆ ಕರೆಸಿ, ಸ್ಟುಡಿಯೊದಲ್ಲಿ ಮಾತಾಡಿಸಿ, ಆ ಧ್ವನಿಯನ್ನು ದೃಶ್ಯಕ್ಕೆ ಜೋಡಿಸಬೇಕಾಯಿತು. ಅಟ್ಲಾಂಟಿಕ್ ಅಲೆಗಳ ನಡುವೆ ಕೂಗುತ್ತಿರುವಂತೆ ಕೇಳಿಸುವ ಮೀನುಗಾರನ ದನಿ ಅಲೆಯ ಸದ್ದೇ ಸುಳಿಯದ ಗೋಡೆಗಳ ಒಳಗೆ ಹುಟ್ಟಿದ್ದಾಗಿತ್ತು.

ಇದಕ್ಕೆ ಮುಖ್ಯ ಕಾರಣ ಯಂತ್ರಗಳ ತೂಕ. ಅಂದಿನ ಪದ್ಧತಿಯಲ್ಲಿ ಧ್ವನಿಯನ್ನು ಬೆಳಕಿನ ಏರಿಳಿತವಾಗಿ ಮಾರ್ಪಡಿಸಿ ಫಿಲ್ಮಿನ ಮೇಲೆ ಗೆರೆಯಂತೆ ಮುದ್ರಿಸಲಾಗುತ್ತಿದ್ದು, ಅದಕ್ಕೆ ಬೇಕಾದ ಯಂತ್ರವೂ ಬ್ಯಾಟರಿಗಳೂ ಸೇರಿ ಒಂದು ವಾಹನವನ್ನು ತುಂಬುತ್ತಿದ್ದವು. ಆರ್ಥರ್ ಎಲ್ಟನ್ ಮತ್ತು ಎಡ್ಗರ್ ಆನ್‌ಸ್ಟಿ 1935ರಲ್ಲಿ ಲಂಡನ್ನಿನ ಸ್ಟೆಪ್ನಿ ಭಾಗದ ಕೊಳೆಗೇರಿಗೆ ಇಂಥ ಯಂತ್ರವನ್ನು ಒಯ್ದು, ಅಲ್ಲಿನ ನಿವಾಸಿಗಳು ತಮ್ಮ ಮನೆಯಲ್ಲೇ ನಿಂತು ಇಲಿ, ತಿಗಣೆ, ಕುಸಿಯುವ ಗೋಡೆಗಳ ಕಷ್ಟ ಹೇಳಿಕೊಳ್ಳುವುದನ್ನು ‘ಹೌಸಿಂಗ್ ಪ್ರಾಬ್ಲಮ್ಸ್’ ಎಂಬ ಕಿರುಚಿತ್ರದಲ್ಲಿ ದಾಖಲಿಸಿದ್ದು ದೊಡ್ಡ ಸಾಧನೆಯೇ ಸರಿ. ಆದರೆ ಆ ಚಿತ್ರದ ಜನ ಮೈಕಿನೆದುರು ನೆಟ್ಟಂತೆ ನಿಂತು ಮಾತಾಡುತ್ತಾರೆ. ನಡೆಯುತ್ತ, ಕೆಲಸ ಮಾಡುತ್ತ, ಪಕ್ಕದವರೊಡನೆ ಜಗಳವಾಡುತ್ತ ಆಡುವ ಮಾತು ಅಲ್ಲಿಲ್ಲ. ಊರಿನೊಳಗೇ ಸ್ಥಿತಿ ಹೀಗಿದ್ದಾಗ ಕಡಲು ದಾಟಿ ಹೋಗುವ ತಂಡಗಳು ಧ್ವನಿಯ ಆಸೆಯನ್ನೇ ಬಿಟ್ಟುಬಿಡುತ್ತಿದ್ದವು.

ಧ್ವನಿಯನ್ನು ಬಿಡದೆ ದೃಶ್ಯವನ್ನೂ ಹಿಡಿಯಬಯಸಿದವರು ಎರಡನ್ನೂ ಬೇರೆಬೇರೆಯಾಗಿ ಸಂಗ್ರಹಿಸಬೇಕಾಗಿತ್ತು ಎಂಬುದಕ್ಕೆ ಕರ್ನಾಟಕಕ್ಕೂ ಸಂಬಂಧಿಸಿದ ಒಂದು ನಿದರ್ಶನವಿದೆ. ಡಚ್ ಸಂಗೀತಶಾಸ್ತ್ರಜ್ಞ ಆರ್ನಾಲ್ಡ್ ಬಾಕೆ 1938ರಲ್ಲಿ ಇಂದಿನ ತಮಿಳುನಾಡು, ಕೇರಳ, ಕರ್ನಾಟಕಗಳಲ್ಲಿ ಸಂಚರಿಸಿ ಹಾಡು, ಕುಣಿತ, ಆರಾಧನೆಗಳನ್ನು ದಾಖಲಿಸುವಾಗ ಅವರ ಬಳಿ 16 ಮಿಲಿಮೀಟರಿನ ಮೂಕ ಕ್ಯಾಮೆರಾವೂ, ಟೆಫಿಫೋನ್ ಎಂಬ ಜರ್ಮನ್ ಧ್ವನಿಗ್ರಹಣ ಯಂತ್ರವೂ ಇದ್ದವು. ಈ ಯಂತ್ರ ಸುರುಳಿಯಾಕಾರದ ಪ್ಲಾಸ್ಟಿಕ್ ಪಟ್ಟಿಯ ಮೇಲೆ ಗೀರು ಕೊರೆದು ಧ್ವನಿಯನ್ನು ಉಳಿಸುತ್ತಿತ್ತು. ಎರಡು ಯಂತ್ರಗಳನ್ನು ಒಂದೇ ತಾಳಕ್ಕೆ ಕಟ್ಟುವ ಉಪಾಯವಿರದ ಕಾರಣ ಕುಣಿಯುವ ಕಾಲು ಒಂದೆಡೆ, ಅದನ್ನು ಕುಣಿಸಿದ ಹಾಡು ಇನ್ನೊಂದೆಡೆ ಉಳಿದವು. 1984ರಲ್ಲಿ ನಜೀರ್ ಜೈರಾಜ್‌ಭಾಯ್ ಮತ್ತು ಏಮಿ ಕ್ಯಾಟ್ಲಿನ್ ಅವರು ಬಾಕೆಯ ದಾಖಲೆಗಳೊಡನೆ ಈ ಪ್ರದೇಶಗಳಿಗೆ ಮರಳಿ ಬಂದು ಮರು ಅಧ್ಯಯನ ನಡೆಸಿದ್ದು, ಅರ್ಧ ಶತಮಾನದ ಹಿಂದಿನ ಆ ಶ್ರಮದ ಬೆಲೆಯನ್ನು ತೋರಿಸಿಕೊಟ್ಟಿತು.

ಎರಡನೆಯ ಮಹಾಯುದ್ಧದ ನಂತರ ಕಾಂತೀಯ ಟೇಪು ಬಳಕೆಗೆ ಬಂದು, ಪೋಲೆಂಡಿನಲ್ಲಿ ಹುಟ್ಟಿ ಸ್ವಿಟ್ಜರ್ಲೆಂಡಿನಲ್ಲಿ ನೆಲೆಸಿದ ಸ್ಟೆಫಾನ್ ಕುಡೆಲ್‌ಸ್ಕಿ 1951ರಲ್ಲಿ ‘ನಾಗ್ರಾ’ ಎಂಬ ಧ್ವನಿಗ್ರಹಣ ಯಂತ್ರದ ಮೊದಲ ಮಾದರಿಯನ್ನು ರೂಪಿಸಿದರು. ಆ ದಶಕದ ಕೊನೆಗೆ ಬಂದ ನಾಗ್ರಾ 3 ಟ್ರಾನ್ಸಿಸ್ಟರುಗಳಿಂದ ಕೆಲಸ ಮಾಡುತ್ತಿದ್ದು, ಟಾರ್ಚಿಗೆ ಹಾಕುವಂಥ 12 ದಪ್ಪ ಸೆಲ್ಲುಗಳ ಬಲದಿಂದ ನಡೆಯುತ್ತಿದ್ದುದರಿಂದ ಒಬ್ಬರು ಭುಜಕ್ಕೆ ನೇತುಹಾಕಿಕೊಂಡು ಓಡಾಡಬಹುದಾಗಿತ್ತು. ತೂಕದ ಸಮಸ್ಯೆ ತೀರಿದ ಮೇಲೂ ತಾಳದ ಸಮಸ್ಯೆ ಉಳಿದುಕೊಂಡಿತು. ಫಿಲ್ಮಿನ ಅಂಚಿನಲ್ಲಿರುವ ರಂಧ್ರಗಳಿಗೆ ಹಲ್ಲುಚಕ್ರ ಸಿಕ್ಕಿ ಅದು ಸೆಕೆಂಡಿಗೆ 24 ಚೌಕಟ್ಟುಗಳ ಲೆಕ್ಕ ತಪ್ಪದೆ ಓಡುತ್ತದೆಯಷ್ಟೆ. ರಂಧ್ರಗಳಿಲ್ಲದ ಟೇಪು ಹಾಗಲ್ಲದೆ ಜಾರುತ್ತದೆ, ಹಿಗ್ಗುತ್ತದೆ, ಹತ್ತು ನಿಮಿಷದ ರೀಲು ಮುಗಿಯುವಷ್ಟರಲ್ಲಿ ತುಟಿಯ ಚಲನೆಗೂ ಮಾತಿಗೂ ಹೊಂದಿಕೆ ತಪ್ಪುತ್ತದೆ. ಇದಕ್ಕೆ ಕಂಡುಕೊಂಡ ಪರಿಹಾರವೆಂದರೆ ಕ್ಯಾಮೆರಾದ ಮೋಟಾರಿನಿಂದ ಹೊರಡುವ ವಿದ್ಯುತ್ ಮಿಡಿತವೊಂದನ್ನು ತಂತಿಯ ಮೂಲಕ ನಾಗ್ರಾಕ್ಕೆ ಕಳಿಸಿ, ಅದನ್ನು ಮಾತಿನ ಜೊತೆಯಲ್ಲೇ ಟೇಪಿನ ಮೇಲೆ ಮುದ್ರಿಸಿ, ಮುಂದೆ ಸಂಕಲನದ ವೇಳೆ ಅದೇ ಮಿಡಿತವನ್ನು ಅಳತೆಗೋಲಾಗಿ ಬಳಸುವುದು. ಪೈಲಟ್ ಟೋನ್ ಎನ್ನಿಸಿಕೊಂಡ ಈ ವ್ಯವಸ್ಥೆಯಲ್ಲಿ ಕ್ಯಾಮೆರಾ ಹಿಡಿದವರೂ ಧ್ವನಿಗ್ರಾಹಕರೂ ಒಂದೇ ತಂತಿಗೆ ಕಟ್ಟಿಬಿದ್ದವರಾಗಿ, ಒಬ್ಬರು ಓಡಿದರೆ ಇನ್ನೊಬ್ಬರೂ ಓಡಬೇಕಾಗಿತ್ತು.

ಆ ತಂತಿಯನ್ನು ಕಳಚುವ ಹಂಬಲವೇ 1960ರ ಆಸುಪಾಸಿನ ಸಾಕ್ಷ್ಯಚಿತ್ರವನ್ನು ರೂಪಿಸಿತು. ಅಮೆರಿಕದಲ್ಲಿ ರಾಬರ್ಟ್ ಡ್ರೂ, ರಿಚರ್ಡ್ ಲೀಕಾಕ್, ಡಿ.ಎ. ಪೆನ್‌ಬೇಕರ್, ಆಲ್ಬರ್ಟ್ ಮೇಸಲ್ಸ್ ಮುಂತಾದವರು ವಿಸ್ಕಾನ್ಸಿನ್ ರಾಜ್ಯದಲ್ಲಿ ಅಧ್ಯಕ್ಷ ಪದವಿಯ ಅಭ್ಯರ್ಥಿಗಳಾಗಬಯಸಿದ ಕೆನಡಿ ಮತ್ತು ಹಂಫ್ರಿ ನಡುವಣ ಪಕ್ಷದೊಳಗಿನ ಚುನಾವಣೆಯನ್ನು ಹಿಂಬಾಲಿಸಿ ‘ಪ್ರೈಮರಿ’ (1960) ಚಿತ್ರವನ್ನು ತೆಗೆದರು. ಬಳಿಕ ಲೀಕಾಕ್ ಮತ್ತು ಪೆನ್‌ಬೇಕರ್, ಸೆಕೆಂಡಿಗೆ 360 ಸಲ ಕಂಪಿಸುವ ಶ್ರುತಿಕವಲಿನಿಂದ ನಡೆಯುವ ಅಕ್ಯುಟ್ರಾನ್ ಕೈಗಡಿಯಾರದ ತತ್ವವನ್ನು ಕ್ಯಾಮೆರಾಕ್ಕೂ ಟೇಪಿನ ಯಂತ್ರಕ್ಕೂ ಅಳವಡಿಸಿ, ಎರಡೂ ತಮ್ಮಷ್ಟಕ್ಕೆ ಒಂದೇ ವೇಗ ಕಾಯ್ದುಕೊಳ್ಳುವಂತೆ ಮಾಡಿದರು. ಮುಂದೆ ಸ್ಫಟಿಕದ ಕಂಪನವನ್ನು ಆಧರಿಸಿದ ನಿಯಂತ್ರಣ ಎಲ್ಲೆಡೆ ಬಳಕೆಗೆ ಬಂದು ಪೈಲಟ್ ತಂತಿ ಮರೆಯಾಯಿತು.

ಫ್ರಾನ್ಸಿನಲ್ಲಿ ಈ ಬದಲಾವಣೆಯ ಮೂಲ ಆಫ್ರಿಕಾದಲ್ಲಿತ್ತು. ಮಾನವಶಾಸ್ತ್ರಜ್ಞ ಝಾನ್ ರೂಷ್ ಐವರಿ ಕೋಸ್ಟಿನ ಅಬಿಜಾನಿನಲ್ಲಿ ‘ಮುಆ, ಅಁ ನುಆರ್’ (1958) ಚಿತ್ರವನ್ನು ತೆಗೆದಾಗ ಕೀಲಿ ಕೊಟ್ಟು ನಡೆಸುವ ಕ್ಯಾಮೆರಾದಿಂದ ಮೂಕವಾಗಿ ಚಿತ್ರಿಸಿ, ಆಮೇಲೆ ಮುಖ್ಯ ಪಾತ್ರಧಾರಿ ಉಮಾರು ಗಾಂಡಾ ಅವರಿಗೆ ದೃಶ್ಯಗಳನ್ನು ತೋರಿಸಿ, ಅವರು ತಕ್ಷಣಕ್ಕೆ ಹೊಳೆದಂತೆ ಆಡಿದ ಮಾತನ್ನು ಸೇರಿಸಿದ್ದರು. ಅದು ಅಪೂರ್ವವಾದ ಚಿತ್ರವೇ ಆದರೂ ಘಟನೆ ನಡೆದಾಗಿನ ಮಾತು ಮಾತ್ರ ಅಲ್ಲಿಲ್ಲ. ಆ ಕೊರತೆಯ ಅರಿವಿನಿಂದಲೇ ರೂಷ್ 1960ರ ಬೇಸಿಗೆಯಲ್ಲಿ ಸಮಾಜಶಾಸ್ತ್ರಜ್ಞ ಎಡ್ಗಾರ್ ಮೊರಾನ್ ಜೊತೆಗೂಡಿ ಪ್ಯಾರಿಸಿನಲ್ಲಿ ‘ಕ್ರಾನಿಕ್ ದ್ಅಁ ನೆತೆ’ ಚಿತ್ರಕ್ಕೆ ಕೈಹಾಕಿ, ಸದ್ದು ಕಡಿಮೆಯಿದ್ದ ಹೊಸ ಎಕ್ಲೇರ್ ಕ್ಯಾಮೆರಾವನ್ನು ಬಳಸಿದರಲ್ಲದೆ, ಕೆನಡಾದಿಂದ ಛಾಯಾಗ್ರಾಹಕ ಮಿಷೆಲ್ ಬ್ರೋ ಅವರನ್ನು ಕರೆಸಿಕೊಂಡರು. ಬಟ್ಟೆಗೆ ಸಿಕ್ಕಿಸಿಕೊಳ್ಳುವ ಪುಟ್ಟ ಮೈಕನ್ನು, ಇಂದು ಕನ್ನಡದ ಚಿತ್ರತಂಡಗಳು ಕಾಲರ್ ಮೈಕ್ ಎನ್ನುವ ಸಾಧನವನ್ನು, ಆ ಚಿತ್ರಕ್ಕೆ ತಂದವರು ಬ್ರೋ.

ಆ ಚಿತ್ರದ ಒಂದು ದೃಶ್ಯ ಇಡೀ ಕಸುಬಿನ ಚರಿತ್ರೆಯಲ್ಲಿ ವಿಶೇಷವಾದುದು. ಹದಿಹರೆಯದಲ್ಲಿ ತಂದೆಯೊಡನೆ ನಾತ್ಸಿ ಶಿಬಿರಕ್ಕೆ ಸಾಗಿಸಲ್ಪಟ್ಟು, ತಾವೊಬ್ಬರೇ ಬದುಕಿ ಮರಳಿದ ಮಾರ್ಸೆಲಿನ್ ಲೊರಿದಾನ್ ಅವರು ನಾಗ್ರಾವನ್ನು ಭುಜಕ್ಕೆ ಹಾಕಿ ಕೋಟಿನ ಮರೆಯಲ್ಲಿಟ್ಟುಕೊಂಡು, ಕಾಲರ್ ಮೈಕ್ ಧರಿಸಿ, ಕಾಂಕೋರ್ಡ್ ಚೌಕದಲ್ಲಿಯೂ ಆಮೇಲೆ ಲೆ ಆಲ್ ಮಾರುಕಟ್ಟೆಯ ಚಾವಣಿಯಡಿಯಲ್ಲಿಯೂ ಒಬ್ಬರೇ ನಡೆಯುತ್ತಾರೆ. ಕ್ಯಾಮೆರಾವನ್ನು ಇಟ್ಟ ಸಣ್ಣ ಕಾರು ಅವರಿಂದ ಹಿಂದೆ ಹಿಂದೆ ಸರಿಯುತ್ತ ಹೋದಂತೆ ಅವರ ಆಕೃತಿ ಚಿಕ್ಕದಾಗುತ್ತದೆ, ಆದರೆ ಸತ್ತ ತಂದೆಯನ್ನು ಕರೆದು ಮೆಲ್ಲನೆ ಆಡುವ ಮಾತು ಮಾತ್ರ ನೋಡುಗರ ಕಿವಿಯ ಬಳಿಯೇ ಉಳಿಯುತ್ತದೆ. ಕ್ಯಾಮೆರಾ ದೂರದಲ್ಲಿದ್ದರೂ ಧ್ವನಿ ಹತ್ತಿರವಿರಬಲ್ಲದು ಎಂಬುದನ್ನು ಸಾಕ್ಷ್ಯಚಿತ್ರ ಕಲಿತದ್ದು ಇಲ್ಲಿ. ಇಲ್ಲಿ ರೇಡಿಯೊ ಅಲೆಯ ಬಳಕೆ ಇರಲಿಲ್ಲ. ಯಂತ್ರವನ್ನೇ ವ್ಯಕ್ತಿ ಹೊತ್ತಿದ್ದರು. ಲೊರಿದಾನ್ ಅವರೇ ಮುಂದೆ ನಿರ್ದೇಶಕ ಯೋರಿಸ್ ಈವೆನ್ಸ್ ಜೊತೆಯಲ್ಲಿ ಯುದ್ಧಕಾಲದ ಉತ್ತರ ವಿಯೆಟ್ನಾಮಿಗೆ ಹೋಗಿ 1968ರ ‘17ನೆಯ ಅಕ್ಷಾಂಶ’ ಚಿತ್ರಕ್ಕೂ, ಎಪ್ಪತ್ತರ ದಶಕದಲ್ಲಿ ಚೀನಾದಲ್ಲಿ ಸುಮಾರು 12 ಗಂಟೆಗಳ ‘ಯುಕಾಂಗ್’ ಚಿತ್ರಮಾಲೆಗೂ ಧ್ವನಿಗ್ರಹಣದ ಹೊಣೆ ಹೊತ್ತರು ಎಂಬುದನ್ನು ಚರಿತ್ರಕಾರರು ಇನ್ನಷ್ಟು ಒತ್ತಿ ಹೇಳಬೇಕಾಗಿದೆ.

ಪರದೇಶದ ಚಿತ್ರೀಕರಣಕ್ಕೆ ಧ್ವನಿಯ ವಿಷಯದಲ್ಲಿ ಸ್ವದೇಶದಲ್ಲಿಲ್ಲದ ಒಂದು ತೊಡಕಿದೆ, ಅದು ಭಾಷೆಯದು. ಉದ್ದನೆಯ ಕೋಲಿನ ತುದಿಗೆ ಕಟ್ಟಿದ ಮೈಕನ್ನು ಬೂಮ್ ಎನ್ನುತ್ತಾರೆ. ಅದನ್ನು ಹಿಡಿದವರು ಮಾತಾಡುವವರ ತಲೆಯ ಮೇಲೆ, ಚೌಕಟ್ಟಿಗೆ ಸ್ವಲ್ಪ ಹೊರಗೆ, ಮಾತು ಒಬ್ಬರಿಂದ ಒಬ್ಬರಿಗೆ ಸರಿದಂತೆ ಅದನ್ನು ತಿರುಗಿಸುತ್ತಿರಬೇಕು. ಮಾತಿನ ಅರ್ಥ ತಿಳಿದವರಿಗೆ ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಯಾರಿಂದ ಬರುತ್ತದೆಂದು ಗೊತ್ತಾಗುವುದರಿಂದ ಕೈ ಮುಂಚಿತವಾಗಿಯೇ ಅತ್ತ ಹೊರಳುತ್ತದೆ. ತಿಳಿಯದವರು ದನಿ ಎದ್ದ ಮೇಲೆ ಅತ್ತ ತಿರುಗುವುದರಿಂದ ಪ್ರತಿ ಉತ್ತರದ ಮೊದಲ ಒಂದೆರಡು ಪದಗಳು ದೂರದಿಂದ ಬಂದಂತೆ ಕೇಳಿಸುತ್ತವೆ. ಇಲ್ಲಿನ ಭಾಷೆಗಳು ತಿಳಿಯದ ಫ್ರೆಂಚ್ ನಿರ್ದೇಶಕ ಲೂಯಿ ಮಾಲ್ 1968ರಲ್ಲಿ ಛಾಯಾಗ್ರಾಹಕ ಎತಿಯೆನ್ ಬೆಕೆರ್ ಮತ್ತು ಧ್ವನಿಗ್ರಾಹಕ ಝಾನ್-ಕ್ಲೋದ್ ಲೋರೊ ಅವರೊಡನೆ ಭಾರತವನ್ನು ತಿಂಗಳುಗಟ್ಟಲೆ ಸುತ್ತಿ ಚಿತ್ರಿಸಿದ ಏಳು ಭಾಗಗಳ ‘ಲ್ಯಾಂದ್ ಫಾಂತೋಮ್’ ಮಾಲಿಕೆಯಲ್ಲಿ ಬೀದಿ, ದೇವಸ್ಥಾನ, ಹೊಲಗಳ ಸದ್ದು ಸಮೃದ್ಧವಾಗಿದ್ದರೂ ಅದರ ಮೇಲೆ ಹರಡಿಕೊಂಡಿರುವುದು ನಿರ್ದೇಶಕರ ಫ್ರೆಂಚ್ ನಿರೂಪಣೆ. ಆ ಮಾಲಿಕೆಯನ್ನು ಬಿಬಿಸಿ 1970ರಲ್ಲಿ ಪ್ರಸಾರ ಮಾಡಿದಾಗ ಭಾರತ ಸರ್ಕಾರ ಸಿಟ್ಟಾಗಿ ಅದರ ದೆಹಲಿ ಕಚೇರಿಯನ್ನು ಮುಚ್ಚಿಸಿತು. ಚಿತ್ರದ ಗುಣದೋಷಗಳು ಏನೇ ಇರಲಿ, ಅದರಲ್ಲಿ ಭಾರತೀಯರು ಕಾಣಿಸಿಕೊಂಡಷ್ಟು ಮಾತಾಡುವುದಿಲ್ಲವೆಂಬುದು ನಿಜ.

ಇದಕ್ಕೆ ಇನ್ನೊಂದು ದಾರಿ ತೆಗೆದವರು ಡೇವಿಡ್ ಮತ್ತು ಜುಡಿತ್ ಮ್ಯಾಕ್‌ಡೂಗಲ್ ದಂಪತಿ. ಉಗಾಂಡಾದ ಜಿಯೆ ಪಶುಪಾಲಕರ ನಡುವೆ 1968ರಲ್ಲಿ ಚಿತ್ರಿಸಿ 1972ರಲ್ಲಿ ಹೊರತಂದ ‘ಟು ಲಿವ್ ವಿತ್ ಹರ್ಡ್ಸ್’ ಚಿತ್ರದಲ್ಲಿ ಜನರ ಸಂಭಾಷಣೆಯನ್ನು ಅವರದೇ ಭಾಷೆಯಲ್ಲಿ ಉಳಿಸಿಕೊಂಡು ಅಡಿಬರಹ ಹಾಕಲಾಯಿತು. ಕ್ಯಾಮೆರಾ ಡೇವಿಡ್ ಅವರದಾಗಿದ್ದರೆ ಧ್ವನಿ ಜುಡಿತ್ ಅವರದು. ಮಾತನ್ನು ಅನುವಾದಿಸಿ ಅಡಿಬರಹವಾಗಿ ಕೊಡಬೇಕಾದಾಗ ಪ್ರತಿಯೊಂದು ಪದವೂ ಸ್ಪಷ್ಟವಾಗಿ ದಾಖಲಾಗಿರಬೇಕಾಗುತ್ತದೆ. ಪ್ರತಿಯೊಬ್ಬ ಮಾತುಗಾರನ ಎದೆಯ ಮೇಲೂ ಒಂದೊಂದು ಮೈಕು ಇದ್ದುಬಿಟ್ಟರೆ ಭಾಷೆ ತಿಳಿಯದ ಧ್ವನಿಗ್ರಾಹಕರೂ ಏನನ್ನೂ ಕಳೆದುಕೊಳ್ಳುವುದಿಲ್ಲ. ನಿಸ್ತಂತು ಮೈಕು ಪರದೇಶದ ಸಾಕ್ಷ್ಯಚಿತ್ರಕ್ಕೆ ಅನಿವಾರ್ಯವೆನಿಸಿದ್ದರ ಹಿಂದಿನ ಮುಖ್ಯ ಕಾರಣ ಇದೇ ಎಂದು ಹೇಳಬೇಕು; ನೋಟಕ್ಕೆ ಅಡ್ಡಬರದ ಅನುಕೂಲ ಆಮೇಲಿನದು.

ನಿಸ್ತಂತು ಮೈಕಿನ ಹುಟ್ಟು ಮಾತ್ರ ಸಾಕ್ಷ್ಯಚಿತ್ರದಿಂದ ದೂರ, ರಂಜನೆಯ ವೇದಿಕೆಯಲ್ಲಿ ಆಯಿತು. ಇಂಗ್ಲೆಂಡಿನ ಬ್ರೈಟನ್ನಿನಲ್ಲಿ 1949ರಲ್ಲಿ ನಡೆದ ಹಿಮಜಾರಾಟದ ‘ಅಲ್ಲಾದ್ದೀನ್’ ಪ್ರದರ್ಶನಕ್ಕೆ ರೆಜಿನಾಲ್ಡ್ ಮೂರ್ಸ್ ರೂಪಿಸಿದ ರೇಡಿಯೊ ಮೈಕು ಆರಂಭದ ಮಾದರಿಗಳಲ್ಲೊಂದು. ಅಮೆರಿಕದ ಶೂರ್ ಕಂಪನಿ 1953ರಲ್ಲಿ ‘ವ್ಯಾಗಬಾಂಡ್’ ಹೆಸರಿನ ಮೈಕನ್ನೂ, ಜರ್ಮನಿಯ ಸೆನ್‌ಹೈಸರ್ ಕಂಪನಿ ಐವತ್ತರ ದಶಕದ ಉತ್ತರಾರ್ಧದಲ್ಲಿ ಅಲ್ಲಿನ ಪ್ರಸಾರ ಸಂಸ್ಥೆಯೊಂದಿಗೆ ಸೇರಿ ‘ಮಿಕ್ರೊಪೋರ್ಟ್’ ಸಾಧನವನ್ನೂ ತಂದವು. 1964ರ ‘ಮೈ ಫೇರ್ ಲೇಡಿ’ ಚಿತ್ರದಲ್ಲಿ ನಟ ರೆಕ್ಸ್ ಹ್ಯಾರಿಸನ್ ಮೊದಲೇ ಮುದ್ರಿಸಿದ ಹಾಡಿಗೆ ತುಟಿ ಆಡಿಸಲು ಒಪ್ಪದೆ ಟೈಯೊಳಗೆ ಇಂಥ ಮೈಕನ್ನು ಅಡಗಿಸಿಕೊಂಡು ಚಿತ್ರೀಕರಣದಲ್ಲೇ ಹಾಡಿದರು.

ಇದರ ತತ್ವ ಸರಳ. ಮೈಕಿಗೆ ಕಟ್ಟಿದ ಪುಟ್ಟ ಟ್ರಾನ್ಸ್‌ಮಿಟರ್ ಮಾತನ್ನು ರೇಡಿಯೊ ಅಲೆಯ ಮೇಲೇರಿಸಿ ಹೊರಬಿಡುತ್ತದೆ, ದೂರದಲ್ಲಿರುವ ರಿಸೀವರ್ ಅದನ್ನು ಹಿಡಿದು ಮತ್ತೆ ಧ್ವನಿಯಾಗಿಸುತ್ತದೆ. ಆದರೆ ಅಲೆ ನೇರವಾಗಿ ಬಂದಂತೆ ಗೋಡೆ, ವಾಹನ, ಕಬ್ಬಿಣದ ಕಂಬಗಳಿಗೆ ಬಡಿದೂ ಬರುತ್ತದೆ. ಎರಡು ದಾರಿಯಿಂದ ಬಂದ ಅಲೆಗಳು ಒಂದನ್ನೊಂದು ಅಳಿಸಿಬಿಡುವ ಜಾಗಕ್ಕೆ ವ್ಯಕ್ತಿ ಕಾಲಿಟ್ಟೊಡನೆ ಮಾತು ಕಡಿದುಹೋಗುತ್ತದೆ. ನೀರೇ ಹೆಚ್ಚಾಗಿರುವ ಮನುಷ್ಯನ ಮೈ ಕೂಡ ಅಲೆಯನ್ನು ಹೀರುವುದರಿಂದ, ಮಾತಾಡುವವರು ಬೆನ್ನು ತಿರುಗಿಸಿದರೂ ಸಾಕು, ತೊಂದರೆ ತಪ್ಪದು. ಎರಡು ಆಂಟೆನಾಗಳನ್ನಿಟ್ಟು ಆಯಾ ಕ್ಷಣಕ್ಕೆ ಬಲವಾಗಿರುವುದನ್ನು ಆರಿಸಿಕೊಳ್ಳುವ ರಿಸೀವರುಗಳೂ, ಹತ್ತಿಯನ್ನು ಒತ್ತಿ ಅಂಡಿಗೆ ಕಟ್ಟಿ ಕಳಿಸಿ ತಲುಪಿದ ಕಡೆ ಬಿಚ್ಚಿ ಹರವುವಂತೆ ದನಿಯ ಏರಿಳಿತವನ್ನು ಕುಗ್ಗಿಸಿ ಕಳಿಸಿ ಮತ್ತೆ ಹಿಗ್ಗಿಸುವ ಕಂಪ್ಯಾಂಡರ್ ಮಂಡಲಗಳೂ ಎಪ್ಪತ್ತರ ದಶಕದಲ್ಲಿ ನೆಲೆಯೂರಿದ ಮೇಲೆ ಈ ಮೈಕು ನಂಬಿಕೆಗೆ ಅರ್ಹವಾಯಿತು. ರಾಬರ್ಟ್ ಆಲ್ಟ್‌ಮನ್ ‘ನ್ಯಾಶ್‌ವಿಲ್’ (1975) ಚಿತ್ರದಲ್ಲಿ ಹಲವು ನಟರಿಗೆ ಒಂದೊಂದು ನಿಸ್ತಂತು ಮೈಕು ತೊಡಿಸಿ, ಎಲ್ಲರ ಮಾತನ್ನೂ ಬೇರೆಬೇರೆ ಪಟ್ಟಿಗಳಲ್ಲಿ ಮುದ್ರಿಸಿಕೊಂಡದ್ದು ಆ ನಂಬಿಕೆಯ ಫಲ.

ತಂತಿಯಿಂದ ಬಿಡುಗಡೆ ಪಡೆದ ಮೈಕು ಅಲ್ಲಿಂದ ಮುಂದೆ ಸರ್ಕಾರಗಳ ಅಧೀನಕ್ಕೆ ಬಂತು. ತಂತಿಯಲ್ಲಿ ಹರಿಯುವ ಧ್ವನಿಗೆ ಯಾವ ದೇಶದ ಅಪ್ಪಣೆಯೂ ಬೇಕಿಲ್ಲ. ಗಾಳಿಗೆ ಬಿಟ್ಟ ಅಲೆಗೆ ಬೇಕು. ಜಗತ್ತನ್ನು ಮೂರು ವಲಯಗಳಾಗಿ ವಿಂಗಡಿಸಿ ರೇಡಿಯೊ ಕಂಪನಾಂಕಗಳ ಹಂಚಿಕೆಗೆ ಚೌಕಟ್ಟು ಹಾಕಿಕೊಡುವ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಇದೆಯಾದರೂ, ಆ ಚೌಕಟ್ಟಿನೊಳಗೆ ತನ್ನ ನೆಲದ ಮೇಲಿನ ಗಾಳಿಯನ್ನು ಹೇಗೆ ಹಂಚಬೇಕೆಂದು ತೀರ್ಮಾನಿಸುವುದು ಆಯಾ ದೇಶವೇ. ನಿಸ್ತಂತು ಮೈಕುಗಳಿಗೆ ಸಿಕ್ಕಿದ್ದು ಬಹುಮಟ್ಟಿಗೆ ಟೆಲಿವಿಷನ್ ಚಾನೆಲ್ಲುಗಳ ನಡುವೆ ಖಾಲಿ ಉಳಿದ ಜಾಗ. ಆ ಚಾನೆಲ್ಲುಗಳ ಅಗಲವೇ ಒಂದೊಂದು ದೇಶದಲ್ಲಿ ಒಂದೊಂದು ಬಗೆ. ಅಮೆರಿಕದಲ್ಲಿ 6 ಮೆಗಾಹರ್ಟ್ಸ್ ಆದರೆ ಬ್ರಿಟನ್ನಿನಲ್ಲಿ 8.

ಇದರ ಪರಿಣಾಮ ಎಷ್ಟು ತೊಡಕಿನದೆಂಬುದಕ್ಕೆ ಒಂದು ಉದಾಹರಣೆ ಸಾಕು. ಬ್ರಿಟನ್ನಿನಲ್ಲಿ ಪರವಾನಗಿ ಪಡೆದ ನಿಸ್ತಂತು ಮೈಕುಗಳೆಲ್ಲ ಹಂಚಿಕೊಂಡು ಬಳಸುವ ಪಟ್ಟಿ 38ನೆಯ ಚಾನೆಲ್, ಅಂದರೆ 606ರಿಂದ 614 ಮೆಗಾಹರ್ಟ್ಸ್. ಅದೇ ಸೆಟ್ಟನ್ನು ಹೊತ್ತು ಅಟ್ಲಾಂಟಿಕ್ ದಾಟಿದ ತಂಡಕ್ಕೆ ಅಲ್ಲಿ 608ರಿಂದ 614ರವರೆಗಿನ ಭಾಗ, ಅಮೆರಿಕದ ಲೆಕ್ಕದ 37ನೆಯ ಚಾನೆಲ್, ಎದುರಾಗುತ್ತದೆ. ಆ ಭಾಗವನ್ನು ಆಕಾಶಕಾಯಗಳ ಕ್ಷೀಣ ರೇಡಿಯೊ ಅಲೆಗಳನ್ನು ಆಲಿಸುವ ಖಗೋಳವಿಜ್ಞಾನಿಗಳಿಗೂ, ಆಸ್ಪತ್ರೆಗಳಲ್ಲಿ ರೋಗಿಗಳ ಎದೆಬಡಿತವನ್ನು ದೂರದಿಂದ ಗಮನಿಸುವ ಉಪಕರಣಗಳಿಗೂ ಮೀಸಲಿಡಲಾಗಿದ್ದು, ಅಲ್ಲಿ ನಿಸ್ತಂತು ಮೈಕು ನಿಷಿದ್ಧ. ಲಂಡನ್ನಿನಲ್ಲಿ ನಿಯಮಬದ್ಧವಾದ ಸೆಟ್ಟು ನ್ಯೂಯಾರ್ಕಿನ ಆಸ್ಪತ್ರೆಯ ಕಾರಿಡಾರಿನಲ್ಲಿ ಅಪಾಯಕಾರಿಯಾಗಬಲ್ಲದು. ಹಾಗೆಯೇ ಜಪಾನಿನಲ್ಲಿ ಪರವಾನಗಿಯಿಲ್ಲದೆ ಬಳಸಬಹುದಾದ 806ರಿಂದ 810 ಮೆಗಾಹರ್ಟ್ಸ್ ಪಟ್ಟಿ ಯುರೋಪಿನಲ್ಲಿ ಮೊಬೈಲ್ ಗೋಪುರಗಳ ಪಾಲಾಗಿದೆ.

ಹೊಂದಿಕೊಳ್ಳುವಷ್ಟರಲ್ಲಿ ಆ ಹಂಚಿಕೆಯೂ ಬದಲಾಗುತ್ತ ಬಂತು. ಟೆಲಿವಿಷನ್ ಪ್ರಸಾರ ಡಿಜಿಟಲ್ ಆದ ಮೇಲೆ ಅಷ್ಟೇ ಚಾನೆಲ್ಲುಗಳಿಗೆ ಕಡಿಮೆ ಜಾಗ ಸಾಕಾಗಿ, ಉಳಿದದ್ದನ್ನು ಸರ್ಕಾರಗಳು ಮೊಬೈಲ್ ಕಂಪನಿಗಳಿಗೆ ಹರಾಜು ಹಾಕಿದವು. ಅಮೆರಿಕದಲ್ಲಿ 698ರಿಂದ 806ರವರೆಗಿನ ಪಟ್ಟಿ 2010ರ ಜೂನಿನಲ್ಲಿ ಮೈಕುಗಳಿಗೆ ಮುಚ್ಚಿತು. 600ರ ಪಟ್ಟಿಯ ಬಹುಭಾಗ 2020ರ ಜುಲೈನಲ್ಲಿ ಮುಚ್ಚಿತು. ಆಸ್ಟ್ರೇಲಿಯಾ 694ರಿಂದ 820ರವರೆಗಿನ ಪಟ್ಟಿಯನ್ನು 2015ರ ಜನವರಿಯಿಂದ ನಿಷೇಧಿಸಿತು. ಸಾಲ ಮಾಡಿ ಸೆಟ್ಟು ಕೊಂಡ ಸ್ವತಂತ್ರ ಧ್ವನಿಗ್ರಾಹಕರ ಪಾಲಿಗೆ ಹತ್ತೇ ವರ್ಷಗಳ ಅಂತರದಲ್ಲಿ ಎರಡು ಸಲ ಕಸುಬಿನ ಸಾಧನ ಕಾನೂನುಬಾಹಿರವಾದದ್ದು ಸಣ್ಣ ನಷ್ಟವಲ್ಲ.

ಗಡಿ ದಾಟುವ ಕಾಗದಪತ್ರಗಳ ಚರಿತ್ರೆಯೂ ಇದರೊಂದಿಗೆ ಹೆಣೆದುಕೊಂಡಿದೆ. 1961ರ ಬ್ರಸೆಲ್ಸ್ ಒಪ್ಪಂದದಿಂದ ಬಂದ ಎಟಿಎ ಕಾರ್ನೆ ಎಂಬ ಬಣ್ಣಬಣ್ಣದ ಹಾಳೆಗಳ ಪುಸ್ತಿಕೆಯಲ್ಲಿ ಪ್ರತಿ ಉಪಕರಣದ ಹೆಸರನ್ನೂ ಕ್ರಮಸಂಖ್ಯೆಯನ್ನೂ ನಮೂದಿಸಿದರೆ, ಸುಂಕ ತೆರದೆ ಅದನ್ನು ಒಂದು ವರ್ಷದೊಳಗೆ ಒಯ್ದು ಮರಳಿ ತರಬಹುದು. ಆದರೆ ಕಾರ್ನೆ ಒಪ್ಪಿಗೆ ಕೊಡುವುದು ಪೆಟ್ಟಿಗೆಗೆ, ಅಲೆಗಲ್ಲ. ಸುಂಕದವರು ಒಳಗೆ ಬಿಟ್ಟ ಟ್ರಾನ್ಸ್‌ಮಿಟರನ್ನು ಚಾಲೂ ಮಾಡಲು ಬೇರೆಯೇ ಇಲಾಖೆಯ ಅನುಮತಿ ಬೇಕಾಗಬಹುದು. ಭಾರತದಲ್ಲಿ 1933ರ ನಿಸ್ತಂತು ತಂತಿಸಂದೇಶ ಕಾಯ್ದೆಯ ಪ್ರಕಾರ ಇಂಥ ಉಪಕರಣವನ್ನು ಪರವಾನಗಿಯಿಲ್ಲದೆ ಇಟ್ಟುಕೊಳ್ಳುವುದೇ ಅಪರಾಧವಾಗಿತ್ತು. ವಸಾಹತು ಕಾಲದ ಆ ವ್ಯವಸ್ಥೆಯ ಜಾಗಕ್ಕೆ ಬಂದದ್ದು 2023ರ ದೂರಸಂಪರ್ಕ ಕಾಯ್ದೆ. ಘರ್ಷಣೆಯ ಪ್ರದೇಶಗಳಲ್ಲಂತೂ ಅಂಗಿಯಡಿಯಲ್ಲಿ ತಂತಿ, ಸೊಂಟದಲ್ಲಿ ಮಿನುಗುವ ಪೆಟ್ಟಿಗೆ ಇದ್ದವರನ್ನು ತಪಾಸಣೆಯ ಕಾವಲುಗಾರರು ಮೈಕು ತೊಟ್ಟವರೆಂದು ಮೊದಲು ಭಾವಿಸುವುದಿಲ್ಲ.

ಈ ಗೋಜಲಿಗೆ ಈಚಿನ ವರ್ಷಗಳಲ್ಲಿ ಎರಡು ಪರಿಹಾರಗಳು ಬಳಕೆಗೆ ಬಂದಿವೆ. ವೈಫೈ ಬಳಸುವ 2.4 ಗಿಗಾಹರ್ಟ್ಸ್ ಪಟ್ಟಿ ಹೆಚ್ಚುಕಡಿಮೆ ಎಲ್ಲ ದೇಶಗಳಲ್ಲೂ ಪರವಾನಗಿಯಿಂದ ಮುಕ್ತವಾಗಿದ್ದು, ಆಸ್ಟ್ರೇಲಿಯಾದ ರೋಡ್ ಕಂಪನಿ 2019ರಲ್ಲಿ ಬೆಂಕಿಪೊಟ್ಟಣದ ಗಾತ್ರದ ‘ವೈರ್‌ಲೆಸ್ ಗೋ’ ತಂದ ಮೇಲೆ ಆ ಪಟ್ಟಿಯ ಮೈಕುಗಳು ಎಲ್ಲೆಡೆ ಹರಡಿದವು. ಆದರೆ ಆ ಅಲೆಯನ್ನು ಮೈ ಇನ್ನೂ ಹೆಚ್ಚು ಹೀರುತ್ತದೆ, ಜನಜಂಗುಳಿಯ ನಡುವೆ ಸಾವಿರ ಫೋನುಗಳೊಡನೆ ಅದು ಪೈಪೋಟಿ ನಡೆಸಬೇಕು. ಎರಡನೆಯ ಪರಿಹಾರ ಹೆಚ್ಚು ಗಟ್ಟಿಯಾದದ್ದು: ಟ್ರಾನ್ಸ್‌ಮಿಟರಿನೊಳಗೇ ಧ್ವನಿಯನ್ನು ಮುದ್ರಿಸಿಕೊಳ್ಳುವುದು, ಇಲ್ಲವೇ ಟ್ರಾನ್ಸ್‌ಮಿಟರನ್ನು ಬಿಟ್ಟು ಕಡ್ಡಿಪೆಟ್ಟಿಗೆಯಂಥ ರೆಕಾರ್ಡರನ್ನೇ ವ್ಯಕ್ತಿಯ ಜೇಬಿಗೆ ಹಾಕುವುದು. ಅಲೆಯೇ ಇಲ್ಲದ ಮೇಲೆ ಅಪ್ಪಣೆಯ ಮಾತೂ ಇಲ್ಲ. ತಾತ್ವಿಕವಾಗಿ ಇದು ಲೊರಿದಾನ್ ಅವರು ಕೋಟಿನ ಮರೆಯಲ್ಲಿ ನಾಗ್ರಾ ಹೊತ್ತ ಪದ್ಧತಿಯೇ; ಆರು ದಶಕಗಳ ಸುತ್ತಾಟದ ನಂತರ ಕಸುಬು ಅಲ್ಲಿಗೇ ಮರಳಿದೆ.

ಯಂತ್ರ ಹಗುರಾದಷ್ಟೂ ತೊಟ್ಟವರಿಗೆ ಅದರ ನೆನಪು ಹಾರುತ್ತದೆ ಎಂಬುದನ್ನೂ ಇಲ್ಲಿ ಹೇಳಬೇಕು. ಬ್ರಿಟನ್ನಿನ ಪ್ರಧಾನಿ ಗಾರ್ಡನ್ ಬ್ರೌನ್ 2010ರ ಏಪ್ರಿಲಿನಲ್ಲಿ ಚುನಾವಣಾ ಪ್ರಚಾರದ ನಡುವೆ ಕಾರು ಹತ್ತಿದಾಗ ಅಂಗಿಯ ಮೇಲಿನ ಮೈಕನ್ನು ಮರೆತು, ಆಗಷ್ಟೇ ಭೇಟಿಯಾದ ಮತದಾರರೊಬ್ಬರನ್ನು ಹೀಗಳೆದು, ಅದು ದೇಶಕ್ಕೆಲ್ಲ ಕೇಳಿಸಿಹೋಯಿತು. ಪ್ರಧಾನಿಗೇ ಮರೆಯುವುದಾದರೆ, ಪರದೇಶದ ತಂಡ ತಮ್ಮ ಎದೆಗೆ ಏನನ್ನು ಸಿಕ್ಕಿಸಿತೆಂದೇ ಪೂರ್ತಿ ತಿಳಿಯದ ಹಳ್ಳಿಯವರ ಪಾಡೇನು? ಅವರ ಭಾಷೆಯಲ್ಲೇ ವಿವರಿಸಿ, ಗುಂಡಿ ಎಲ್ಲಿದೆಯೆಂದು ತೋರಿಸಿ, ಬೇಡವೆನಿಸಿದಾಗ ಅವರೇ ಆರಿಸುವಂತೆ ಕಲಿಸುವುದು ಧ್ವನಿಗ್ರಾಹಕರ ಕನಿಷ್ಠ ಕರ್ತವ್ಯ.

ಅಮೆರಿಕ, ಬ್ರಿಟನ್, ಕೊಲ್ಲಿ ದೇಶಗಳಲ್ಲಿ ನೆಲೆಸಿರುವ ಕನ್ನಡಿಗರ ಬದುಕನ್ನು ದಾಖಲಿಸಲು ಇಲ್ಲಿಂದ ಹೊರಡುವ ತಂಡಗಳಿಗೆ ಈ ಚರಿತ್ರೆಯಿಂದ ಒಂದು ಅನುಕೂಲ ಎದ್ದು ಕಾಣಬೇಕು. ಮಾಲ್ ಅವರಿಗೆ ಭಾರತದಲ್ಲಿ ಇರದಿದ್ದ ಭಾಷೆ ಈ ತಂಡಗಳಿಗೆ ಇದೆ. ಅಡುಗೆಮನೆಯ ಮಾತಿಗೂ ಹಬ್ಬದ ಮನೆಯ ಹರಟೆಗೂ ಕನ್ನಡ ಬಲ್ಲವರ ಕೈಯ ಬೂಮ್ ಮತ್ತು ಒಂದು ತಂತಿ ಸಾಕು. ನಡಿಗೆಗೆ, ದೂರದ ನೋಟಕ್ಕೆ ನಿಸ್ತಂತು ಸೆಟ್ಟು ಬೇಕೆಂದಾದರೆ ಪೆಟ್ಟಿಗೆಯ ಹಿಂಬದಿಯಲ್ಲಿ ಮುದ್ರಿಸಿರುವ ಮೆಗಾಹರ್ಟ್ಸ್ ಸಂಖ್ಯೆಯನ್ನು ಹೋಗುವ ದೇಶದ ನಿಯಮದೊಡನೆ ಹೊರಡುವ ಮೊದಲೇ ಹೋಲಿಸಿ ನೋಡಿಕೊಳ್ಳಬೇಕು. ಹೊಂದದಿದ್ದರೆ ಅದನ್ನು ಮನೆಯಲ್ಲಿಟ್ಟು ಅಲ್ಲಿಯೇ ಬಾಡಿಗೆಗೆ ಪಡೆಯುವುದು ಲೇಸು.